ಉಪ್ಪು ಬಿಟ್ಟ ಕಂಪೌಂಡರು

ಕುಕ್ಕರಿನ ಮುಚ್ಚಳ ತೆಗೆದ ಕೂಡಲೆ ಎದ್ದ ಹಬೆ ಕನ್ನಡಕಕ್ಕೆ ಕವಿದು, ಹೋಟೆಲಿನ ಕೋಣೆ, ಮಂಚಗಳು, ಕಿಟಕಿ, ಕಿಟಕಿಯಾಚೆಗಿನ ಪರದೇಶ ಎಲ್ಲವೂ ಒಂದು ಗಳಿಗೆ ಅಳಿಸಿಹೋದವು. ಕಂಪೌಂಡರು ಕನ್ನಡಕ ಒರೆಸಿಕೊಳ್ಳಲು ಅವಸರ ಮಾಡಲಿಲ್ಲ. ಏನೂ ಕಾಣದ ಆ ಬೆಳ್ಳಗಿನ ಗಳಿಗೆಯಲ್ಲಿ ಅವರು ತಮ್ಮ ಮನೆಯ ಅಡುಗೆಕೋಣೆಯಲ್ಲೇ ನಿಂತಿದ್ದರು. ಹಿಂದಿನಿಂದ ಯಾರೋ ‘ಸ್ವಲ್ಪ ಜರುಗಿ’ ಅನ್ನುವುದರಲ್ಲಿದ್ದರು. ಯಾರೂ ಅನ್ನಲಿಲ್ಲ. ಬಚ್ಚಲಲ್ಲಿ ಮಗಳು ನಲ್ಲಿ ತಿರುಗಿಸಿದ ಸದ್ದಾಯಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು, ಅನ್ನವನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಚಮಚದ ಬೆನ್ನಿನಿಂದ ಒತ್ತಿ ಅಂಚು ಸಮ ಮಾಡಿದರು. ಪುಡಿಯ ಪೊಟ್ಟಣ ಕಟ್ಟಿದ ಕೈ ಅದು. ಡಾಕ್ಟರು ಚೀಟಿಯಲ್ಲಿ ಗೀಚಿದ್ದನ್ನು ಓದಿ, ಪುಡಿಯನ್ನು ತೂಗಿ, ಬಿಳಿ ಕಾಗದಗಳ ಮೇಲೆ ಸಮಸಮವಾಗಿ ಪಾಲು ಮಾಡಿ, ಮಡಿಸಿ ಕೊಡುತ್ತಿದ್ದ ಕೈ. ಈಗ ಎಲ್ಲಿಯೂ ಯಾರೂ ಪುಡಿ ಕಟ್ಟುವುದಿಲ್ಲ. ಆ ಕೆಲಸವೇ ಲೋಕದಿಂದ ಎದ್ದುಹೋಯಿತು, ಹೆಸರು ಮಾತ್ರ ಅವರ ಮೈಗೆ ಅಂಟಿಕೊಂಡಿತು. ಮುಚ್ಚಳ ಒತ್ತುವ ಮೊದಲು ಬೆರಳ ತುದಿಗೆ ಹತ್ತಿದ್ದ ಒಂದು ಅಗುಳನ್ನು ಬಾಯಿಗೆ ಹಾಕಿಕೊಂಡರು. ಏನೂ ಇರಲಿಲ್ಲ ಅದರಲ್ಲಿ. ಬಿಸಿ ಇತ್ತು, ಅಷ್ಟೆ.

ಹೆಂಡತಿಯ ಕಿಡ್ನಿ ಕೈಕೊಟ್ಟಾಗ ಡಾಕ್ಟರು ಮೊದಲು ನಿಲ್ಲಿಸಿದ್ದು ಉಪ್ಪನ್ನು. ಆ ಸಂಜೆ ಕಂಪೌಂಡರು ದೇವರ ಮುಂದೆ ನಿಂತು, ಇವಳು ಮತ್ತೆ ಉಪ್ಪು ಮುಟ್ಟುವ ತನಕ ನಾನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಮಾತು ಕೊಡುವಾಗ ಅದೊಂದು ಸೇತುವೆಯ ಹಾಗೆ ಕಂಡಿತ್ತು, ಇಬ್ಬರೂ ಜೊತೆಯಾಗಿ ಹತ್ತಿ ಆಚೆ ದಡಕ್ಕೆ ಇಳಿಯುವಂಥದ್ದು. ಆಕೆ ಉಪ್ಪು ಮುಟ್ಟದೆಯೇ ಹೋದಳು. ಸೇತುವೆಯ ಆಚೆ ತುದಿ ಗಾಳಿಯಲ್ಲಿ ಉಳಿಯಿತು, ಕಂಪೌಂಡರು ನಡುವೆ ಉಳಿದರು. ಮುಂದೆ ಹೋಗುವಂತಿಲ್ಲ, ಏಕೆಂದರೆ ಕೊಟ್ಟ ಮಾತು ನೆರವೇರುವ ದಿನವೇ ಇನ್ನಿಲ್ಲ. ಹಿಂದಕ್ಕೆ ಬರುವಂತಿಲ್ಲ, ಏಕೆಂದರೆ ಮಾತು ಕೊಟ್ಟದ್ದು ದೇವರಿಗೆ. ಮೊದಲು ನೆಂಟರು ಹೊಗಳಿದರು, ಆಮೇಲೆ ನಕ್ಕರು, ಕಡೆಗೆ ಊಟಕ್ಕೆ ಕರೆಯುವುದನ್ನು ಬಿಟ್ಟರು. ಅವರಿಗೆ ಅದರಿಂದ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ, ಊಟದ ಸಾಲಿನಲ್ಲಿ ತಮ್ಮ ಎಲೆಯೊಂದೇ ಬೇರೆಯಾಗಿರುವಾಗ ಒಳಗೆಲ್ಲೋ ಒಂದು ಸಣ್ಣ ಸುಖ ಎದ್ದು ಕೂರುತ್ತಿತ್ತು. ಆ ಸುಖ ತಮ್ಮದಲ್ಲ, ಯಾರದೋ ಎಂಬಂತೆ ಅವರು ಅದರ ಕಡೆ ನೋಡುತ್ತಿರಲಿಲ್ಲ.

“ಅಪ್ಪಾ, ಇವತ್ತೂ ಡಬ್ಬಿನಾ?” ಮಗಳು ಕೂದಲು ಕಟ್ಟಿಕೊಳ್ಳುತ್ತಾ ಹೊರಗೆ ಬಂದಳು. ಕೈಕಾಲು ಬಿದ್ದವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ ಅವಳದು. ಆ ಕೆಲಸದ ಯಾವುದೋ ತರಬೇತಿಗೆ ಈ ಊರಿಗೆ ಬಂದವಳು ಅಪ್ಪನನ್ನೂ ಚಿಕ್ಕಮ್ಮನನ್ನೂ ಕಟ್ಟಿಕೊಂಡು ಬಂದಿದ್ದಳು.

“ಹೂಂ.”

“ಏರ್‌ಪೋರ್ಟಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡ್ಕೊಂಡೆಯಲ್ಲ, ಮರೆತುಹೋಯ್ತಾ? ರಕ್ತದಲ್ಲಿ ಉಪ್ಪಿನ ಅಂಶ ಇಳಿದಿದೆ ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದಾರೆ. ಇನ್ನೊಂದು ಸಲ ಹಾಗಾಗಿ ಬಿದ್ರೆ ಸೊಂಟ ಮುರಿಯತ್ತೆ. ಆಮೇಲೆ ನಾನು ಊರೋರ ಕಾಲು ಬಿಟ್ಟು ನಿನ್ನ ಕಾಲು ಎತ್ತಿಡ್ತಾ ಕೂತ್ಕೋಬೇಕು.”

“ಸೊಂಟ ಅಷ್ಟು ಸುಲಭಕ್ಕೆ ಮುರಿಯಲ್ಲ.”

“ಡಾಕ್ಟರು ಹೇಳಿದಂಗೆ ಕೇಳದೇ ಇದ್ರೆ ಇಲ್ಲಿಗೆ ಯಾಕ್ರೀ ಬರ್ತೀರಾ ಅಂತ ರೋಗಿಗಳನ್ನ ಬೈದು ಕಳಿಸ್ತಿದ್ದೋನು ನೀನೇ ಅಲ್ವಾ?”

ಜೀವಮಾನವಿಡೀ ಅವರು ತಮ್ಮದು ಎಂದು ಏನನ್ನೂ ಹೇಳಿದವರಲ್ಲ. ಮಾತ್ರೆ ಊಟದ ಮುಂಚೆಯೋ ಆಮೇಲೋ, ಮಗುವಿಗೆ ಬಾಳೆಹಣ್ಣು ಕೊಡಬಹುದೋ ಬೇಡವೋ, ಏನು ಕೇಳಿದರೂ ‘ಡಾಕ್ಟರು ಹೀಗೆ ಹೇಳಿದ್ದಾರೆ’ ಎಂಬ ಒಂದೇ ಮಾತಿನ ನೆರಳಲ್ಲಿ ಬದುಕು ಕಳೆದಿದ್ದರು. ಡಾಕ್ಟರ ಮಾತು ಮೀರಿದ್ದು ಇದೊಂದು ವಿಷಯದಲ್ಲಿ ಮಾತ್ರ. ಉಪ್ಪಿಲ್ಲದ ಊಟಕ್ಕೆ ಇದ್ದ ಒಂದೇ ರುಚಿ ಪ್ರಾಯಶಃ ಆ ಮೀರಿದ್ದೇ.

“ಚಿಕ್ಕಮ್ಮನ ಜೊತೆ ಮಾರ್ಕೆಟ್ಟಿಗಾದ್ರೂ ಹೋಗಿ ಬಾ. ತಿನ್ನಬೇಡ, ನೋಡು” ಎಂದು ಮಗಳು ಚಪ್ಪಲಿ ಮೆಟ್ಟಿ ಹೊರಟಳು. ಬಾಗಿಲವರೆಗೆ ಹೋದವಳು ಹಿಂದಕ್ಕೆ ಬಂದು ಡಬ್ಬಿಯ ಕ್ಲಿಪ್ಪು ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿ ಹೋದಳು.

ನಾದಿನಿ ಆಗಲೇ ಕೆಳಗೆ ಬೀದಿಯಲ್ಲಿ ಕಾಯುತ್ತಿದ್ದಳು. ಹೆಂಡತಿಯ ಬೆನ್ನಿಗೆ ಹುಟ್ಟಿದವಳು. ಮೊಮ್ಮಕ್ಕಳನ್ನು ಕಂಡಿದ್ದರೂ ಮನೆಮಂದಿಗೆಲ್ಲ ಅವಳು ಪುಟ್ಟಿಯೇ. ತಲೆಗೆ ದೊಡ್ಡ ಹ್ಯಾಟು, ಹೆಗಲಿಗೆ ಚೀಲ, ಕಾಲಿಗೆ ಮಗಳ ಹಳೆಯ ಬೂಟು. “ಬನ್ನಿ ಭಾವ, ಒಳ್ಳೇ ಮದುವೆ ಗಂಡಿನ ಹಾಗೆ ಹೊತ್ತು ಮಾಡ್ತೀರ. ಅಲ್ಲಿ ಅಷ್ಟೊತ್ತಿಗೆ ಒಳ್ಳೇದೆಲ್ಲ ಖಾಲಿ” ಎಂದಳು. ಅವಳ ದನಿಯ ಕೊನೆ ಮೇಲಕ್ಕೆ ಏಳುವ ಬಗೆ ಹೆಂಡತಿಯದೇ. ಅದೊಂದು ಕಾರಣಕ್ಕೆ ಕಂಪೌಂಡರು ಅವಳ ಜೊತೆ ಇರಲು ಇಷ್ಟಪಡುತ್ತಿದ್ದರು, ಅದೊಂದೇ ಕಾರಣಕ್ಕೆ ಹೆಚ್ಚು ಹೊತ್ತು ಇರಲಾರರಾಗಿದ್ದರು.

ಮಾರ್ಕೆಟ್ಟು ಎರಡು ಸಾಲು ಕಟ್ಟಡಗಳ ನಡುವಿನ ಓಣಿ. ಮೇಲೆ ಬಣ್ಣ ಹೋದ ತಾಡಪಾಲುಗಳು, ಅವುಗಳ ಸಂದಿನಿಂದ ಇಳಿದ ಬಿಸಿಲ ಪಟ್ಟಿಗಳಲ್ಲಿ ಹೊಗೆ ತಿರುಗುತ್ತಿತ್ತು. ಇದ್ದಲ ಮೇಲೆ ಜೋಳದ ತೆನೆ ಸಿಡಿಯುತ್ತಿತ್ತು, ಎಣ್ಣೆಯ ಬಾಣಲೆಯಲ್ಲಿ ಹಿಟ್ಟಿನ ಉಂಡೆಗಳು ಒಂದನ್ನೊಂದು ತಳ್ಳಿಕೊಂಡು ಉಬ್ಬುತ್ತಿದ್ದವು, ಬಿದಿರ ಬುಟ್ಟಿಗಳಿಂದ ಎದ್ದ ಹಬೆಯಲ್ಲಿ ಮಾರುವವರ ಮುಖಗಳು ಬಂದು ಹೋಗುತ್ತಿದ್ದವು. ಎಲ್ಲರೂ ಏನನ್ನೋ ಕೂಗುತ್ತಿದ್ದರು. ಅರ್ಥವಾಗದ ಆ ಕೂಗಿನಲ್ಲಿ ಕಂಪೌಂಡರಿಗೆ ಒಂದು ಬಿಡುಗಡೆ ಕಂಡಿತು. ಇಲ್ಲಿ ಯಾರೂ ತಮ್ಮನ್ನು ಹೆಸರು ಹಿಡಿದು ಕರೆಯಲಾರರು, ಹೇಗಿದ್ದೀರಿ ಎಂದು ಕೇಳಲಾರರು, ಪಾಪ ಎಂದು ತಲೆ ಅಲ್ಲಾಡಿಸಲಾರರು. ಆದರೆ ಮೂಗಿಗೆ ಭಾಷೆ ಬೇಕಿರಲಿಲ್ಲ. ಎಲ್ಲ ಕಡೆಯಿಂದ, ಸುಟ್ಟದ್ದರ, ಕರಿದದ್ದರ, ಹುಳಿಯಾದದ್ದರ ಅಡಿಯಿಂದ ಅದೊಂದೇ ಬರುತ್ತಿತ್ತು. ಉಪ್ಪಿಗೆ ವಾಸನೆಯಿಲ್ಲ ಎಂದು ಅವರಿಗೆ ಗೊತ್ತು. ಆದರೂ ಬರುತ್ತಿತ್ತು. ನಾಲಿಗೆಯ ಎರಡೂ ಅಂಚಿನಲ್ಲಿ ನೀರು ಒಡೆದಾಗ ಅವರು ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ನಡೆಯುವವರ ಹಾಗೆ.

ನಾದಿನಿ ಮಾತ್ರ ಕಟ್ಟು ಬಿಚ್ಚಿದ ಕರುವಿನಂತಾಗಿದ್ದಳು. ಬೆರಳು ತೋರಿಸಿ ಕೊಂಡಳು, ಮೂಸಿದಳು, ಕಚ್ಚಿದಳು, ಕಚ್ಚಿದ್ದನ್ನೆಲ್ಲ ಇವರಿಗೆ ಹೇಳಿದಳು. “ಭಾವ, ಇದು ನೋಡಿ, ಹೊರಗೆ ಕಟುಂ ಅನ್ನತ್ತೆ, ಒಳಗೆ ಬೆಣ್ಣೆ. ಮೊದಲು ಬೈದು ಆಮೇಲೆ ಸಮಾಧಾನ ಮಾಡೋ ಅತ್ತೆ ಇರ್ತಾಳಲ್ಲ, ಹಾಗೆ.” ಮುಂದಿನ ಅಂಗಡಿಯಲ್ಲಿ ಎಲೆಯ ಪೊಟ್ಟಣ ಬಿಚ್ಚಿ, “ಅಯ್ಯೋ, ಇದು ಬಾಯಿಗೆ ಹಾಕಿದ ತಕ್ಷಣ ಏನೂ ಇಲ್ಲ ಭಾವ. ಆಮೇಲೆ ಮೆಲ್ಲಗೆ ಗಂಟಲಲ್ಲಿ ಖಾರ ಬಂದು ಕದ ತಟ್ಟತ್ತೆ. ಸಾಲ ಕೇಳೋಕೆ ಬಂದ ನೆಂಟನ ಥರ, ಹೋಗೋ ಮುಂಚೆ ವಿಷಯ ತೆಗೀತಾನಲ್ಲ” ಎಂದಳು. ಕಂಪೌಂಡರು ನಗಬಾರದೆಂದು ಬೇರೆ ಕಡೆ ನೋಡಿದರು. ಮೊದಲು ಸಹಿಸಿಕೊಂಡರು. ಆಮೇಲೆ ಈ ಹೇಳುವಿಕೆ ಅವರ ಮೈಮೇಲೆ ಇರುವೆಯ ಹಾಗೆ ಹರಿದಾಡತೊಡಗಿತು. ಯಾಕೆ ಇವಳು ತಿಂದು ಸುಮ್ಮನಿರಬಾರದು? ಎಲ್ಲೋ ಕೇಳಿದ್ದೆನಲ್ಲ ಇದನ್ನು, ಇದೇ ದನಿ, ಇದೇ ಹೋಲಿಕೆ ಕಟ್ಟುವ ಚಟ, ಎಂದುಕೊಳ್ಳುತ್ತಿದ್ದಂತೆ, ಹೆಂಡತಿ ಹಾಸಿಗೆ ಹಿಡಿದಿದ್ದ ದಿನಗಳ ಮನೆಯ ಬಾಗಿಲು ಕಣ್ಣ ಮುಂದೆ ಬಂತು. ಮಧ್ಯಾಹ್ನ. ಕೈಯಲ್ಲಿ ಔಷಧಿಯ ಚೀಲ. ಚಪ್ಪಲಿ ಬಿಡುತ್ತಿದ್ದಂತೆ ಒಳಗಿನ ಕೋಣೆಯಿಂದ ನಗು. ಹೆಂಡತಿ ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಾಳೆ, ಅವಳೆದುರು ಕುರ್ಚಿಯಲ್ಲಿ ಕೂತ ಪುಟ್ಟಿ ಕಾಗದದ ಪೊಟ್ಟಣದಿಂದ ಏನೋ ಕರಿದದ್ದನ್ನು ಗರಗರ ತಿನ್ನುತ್ತಾ ಒಂದೊಂದು ತುತ್ತಿಗೂ ಏನೋ ಹೇಳುತ್ತಿದ್ದಾಳೆ. ಹೆಂಡತಿಯ ಖಾಲಿ ಬಾಯಿ ಆಡುತ್ತಿದೆ. ಏನೂ ಇಲ್ಲದ್ದನ್ನು ಅಗಿಯುತ್ತಾ ಆಕೆ ನಗುತ್ತಿದ್ದಾಳೆ. ಕಂಪೌಂಡರಿಗೆ ಮೈ ಉರಿದುಹೋಯಿತು. ‘ಏನೇ ಇದು, ಹಸಿದವರ ಎದುರಿಗೆ ಕೂತು ತಿಂತೀಯಲ್ಲ, ಕರುಣೆ ಬೇಡವಾ ನಿನಗೆ’ ಎಂದು ಪೊಟ್ಟಣ ಕಿತ್ತುಕೊಂಡು ಕಿಟಕಿಯಿಂದ ಆಚೆ ಎಸೆದಿದ್ದರು. ಪುಟ್ಟಿ ಬಾಯಲ್ಲಿದ್ದುದನ್ನು ಅಗಿಯಲೂ ಆಗದೆ ನುಂಗಲೂ ಆಗದೆ ಕೂತಿದ್ದಳು. ಹೆಂಡತಿ ಕಣ್ಣು ತೆರೆಯಲೇ ಇಲ್ಲ. ಕಣ್ಣು ಮುಚ್ಚಿದಂತೆಯೇ ಗೋಡೆಯ ಕಡೆ ತಿರುಗಿಕೊಂಡಳು.

“ಭಾವ, ನೀವಿಲ್ಲಿ ಕೂತಿರಿ, ಅಲ್ಲೊಂದು ಹಣ್ಣು ಹೆಚ್ಚಿ ಕೊಡ್ತಿದಾರೆ, ನೋಡ್ಕೊಂಡು ಬರ್ತೀನಿ” ಎಂದು ನಾದಿನಿ ಜನರ ನಡುವೆ ಮರೆಯಾದಳು.

ಬಿಸಿಲಿಗೋ ಹೊಗೆಗೋ ತಲೆ ಸುತ್ತುತ್ತಿತ್ತು. ಪಕ್ಕದಲ್ಲೇ ಒಂದು ಅಂಗಡಿಯ ಮುಂದೆ ಉದ್ದನೆಯ ಬೆಂಚು ಕಂಡು ಕಂಪೌಂಡರು ಕೂತರು. ಎದುರಿಗೆ ಅಗಲವಾದ ಕಾವಲಿ, ಕಾವಲಿಯ ಹಿಂದೆ ಗಟ್ಟಿಮುಟ್ಟಾದ ಹೆಂಗಸು. ಅವಳು ಸೌಟಿನಲ್ಲಿ ಹಿಟ್ಟು ಹೊಯ್ದು, ಕಾಗದದಷ್ಟು ತೆಳ್ಳಗೆ ಹರಡಿ, ಅಂಚು ಎದ್ದಾಗ ಮಡಿಸಿ, ಪಕ್ಕದ ಬೋಗುಣಿಯಿಂದ ಉಪ್ಪನ್ನು ತೆಗೆದು ಮೇಲಿನಿಂದ ಉದುರಿಸುತ್ತಿದ್ದಳು. ಉದುರಿಸುವಾಗ ಕೈಯನ್ನು ಬಹಳ ಎತ್ತರಕ್ಕೆ ಒಯ್ಯುತ್ತಿದ್ದಳು, ಎಲ್ಲ ಕಡೆ ಸಮವಾಗಿ ಬೀಳಲೆಂದು. ಆ ಎತ್ತರ ಸರಿಯಾಗಿದೆ ಎಂದು ಕಂಪೌಂಡರ ಕೈಗೆ ತಾನಾಗಿ ಗೊತ್ತಾಯಿತು. ಹೊಟ್ಟೆ ಹಸಿದಿತ್ತು. ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಂಡರು. ಆರಿದ ಅನ್ನ ಗಂಟಲಲ್ಲಿ ಹತ್ತಿಯಂತೆ ನಿಂತಿತು. ಇನ್ನೊಂದು ಚಮಚ ತೆಗೆಯುವಷ್ಟರಲ್ಲಿ ಕಾವಲಿಯ ಹೆಂಗಸು ಸೌಟು ಹಿಡಿದೇ ಇವರ ಮುಂದೆ ಬಂದು ನಿಂತಿದ್ದಳು. ಏನೋ ಹೇಳಿದಳು. ಇವರು ನೋಡಿದರು. ಬೆಂಚು ತೋರಿಸಿದಳು, ಡಬ್ಬಿ ತೋರಿಸಿದಳು, ಎಲೆ ಹಿಡಿದು ನಿಂತುಕೊಂಡೇ ತಿನ್ನುತ್ತಿದ್ದ ಗಿರಾಕಿಗಳನ್ನು ತೋರಿಸಿದಳು, ಕೈಯನ್ನು ಆಚೆಗೆ ಬೀಸಿದಳು. ದನಿ ಏರಿಸಲಿಲ್ಲ, ಆದರೆ ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಒಬ್ಬ ನಕ್ಕ. ಕಂಪೌಂಡರಿಗೆ ಅರ್ಥವಾಯಿತು. ಬೇರೆಯವರ ಅಂಗಡಿಯಲ್ಲಿ ಕೂತು ಮನೆಯ ಬುತ್ತಿ ಉಣ್ಣುವವನು ಯಾವ ದೇಶದಲ್ಲೂ ಒಂದೇ. ಎದ್ದ ರಭಸಕ್ಕೆ ಡಬ್ಬಿ ವಾಲಿ, ಅನ್ನ ಮುದ್ದೆಯಾಗಿ ನೆಲಕ್ಕೆ ಬಿತ್ತು. ಬಾಗಿ ಎತ್ತಲು ಹೋದರೆ ಕಣ್ಣ ಮುಂದೆ ಕರಿಯ ಚುಕ್ಕೆಗಳು ಎದ್ದವು. ಮೊಣಕಾಲ ಮೇಲೆ ಕೈಯೂರಿ ಹಾಗೆಯೇ ನಿಂತರು, ಎಲ್ಲರ ಎದುರು, ಏನನ್ನೋ ಕದ್ದವರ ಹಾಗೆ. ದೇವರೇ, ಇಷ್ಟು ದೂರ ಕರೆದುತಂದು ಇದನ್ನು ತೋರಿಸಬೇಕಾಗಿತ್ತೇ?

ನಾದಿನಿ ಎಲ್ಲಿಂದಲೋ ಬಂದು ತೋಳು ಹಿಡಿದಳು. ಕಾವಲಿಯ ಹೆಂಗಸಿಗೆ ಕೈಬಾಯಿ ಮಾಡಿ ಏನೇನೋ ಹೇಳಿದಳು. ಇವರನ್ನು ತೋರಿಸಿ, ಉಪ್ಪಿನ ಬೋಗುಣಿ ತೋರಿಸಿ, ಬೆರಳು ಆಡಿಸಿ ‘ಬೇಡ’ ಮಾಡಿ, ಒಂದು ಬರೀದು ಹಾಕಿಕೊಡು ಎಂದಳು. ಹೆಂಗಸಿಗೆ ನಂಬಿಕೆಯೇ ಬರಲಿಲ್ಲ. ಬೋಗುಣಿಯನ್ನು ಎತ್ತಿ ಹಿಡಿದು, ಇದಾ? ಇದು ಬೇಡವಾ? ಎಂಬಂತೆ ಹುಬ್ಬೇರಿಸಿದಳು. “ಬೇಡ ಪುಟ್ಟಿ, ಆ ಸಟ್ಟುಗಕ್ಕೆಲ್ಲ ಉಪ್ಪು ತಾಗಿರತ್ತೆ” ಎಂದರು ಕಂಪೌಂಡರು. “ನಡಿ ಇಲ್ಲಿಂದ.”

ಸ್ವಲ್ಪ ದೂರದಲ್ಲಿ ಬಾಗಿಲು ಹಾಕಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತರು. ನಾದಿನಿ ಬಾಟಲಿಯ ನೀರು ಕೊಟ್ಟಳು, ಹ್ಯಾಟು ತೆಗೆದು ಗಾಳಿ ಬೀಸಿದಳು. ತುಂಬಾ ಹೊತ್ತು ಮಾತಾಡಲಿಲ್ಲ. ಅವಳು ಮಾತಾಡದೆ ಇರುವುದು ಎಷ್ಟು ಅಪರೂಪವೆಂದರೆ ಕಂಪೌಂಡರಿಗೆ ದಿಗಿಲಾಯಿತು.

“ಏನಾದ್ರೂ ಹೇಳೇ” ಎಂದರು.

“ಹೇಳಿದ್ರೆ ಬೈತೀರ.”

“ಬೈಯಲ್ಲ.”

“ಆವತ್ತು ಪೊಟ್ಟಣ ಎಸೆದ್ರಲ್ಲ ಭಾವ, ಅದು ನಾನು ತಂದಿದ್ದಲ್ಲ. ಅಕ್ಕನೇ ದುಡ್ಡು ಕೊಟ್ಟು ತರಿಸಿದ್ದು. ನೀನು ತಿನ್ನು, ತಿಂದು ಹೇಗಿದೆ ಅಂತ ಹೇಳು ಅಂದ್ಲು. ನಾನು ಅತ್ತುಬಿಟ್ಟೆ, ನನ್ನ ಕೈಲಾಗಲ್ಲ ಅಂತ. ಅಳಬೇಡ, ಅಗಿ, ಸದ್ದು ಕೇಳಿಸಲಿ ಅಂದ್ಲು.”

ಕಂಪೌಂಡರು ಬಾಟಲಿಯ ಮುಚ್ಚಳ ತಿರುಗಿಸಿದರು. ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದರು.

“ನೀವು ಉಪ್ಪು ಬಿಟ್ಟಿದ್ದಕ್ಕೆ ಅಕ್ಕ ಏನಂದ್ಲು ಗೊತ್ತಾ? ನೋಡೇ ಪುಟ್ಟಿ, ನಾನು ಜೈಲಿಗೆ ಬಂದ್ರೆ ಇವರೂ ಬಂದು ಪಕ್ಕದಲ್ಲಿ ಕೂತ್ರು. ಹೊರಗಿದ್ದು ಒಂದಿಷ್ಟು ಸುದ್ದಿ ತಂದು ಕೊಡಬಾರದಾ ಈ ಮನುಷ್ಯ, ಅಂತ.”

“ನನ್ನ ಹತ್ರ ಯಾಕೆ ಹೇಳಲಿಲ್ಲ?” ದನಿ ತಮ್ಮದಲ್ಲವೆನಿಸಿತು.

“ಹೇಗೆ ಹೇಳ್ತಾಳೆ? ನೀವು ಅವಳಿಗೋಸ್ಕರ ದೇವರ ಮುಂದೆ ನಿಂತು ಬಂದೋರು. ಮುಖ ನೋಡಿದ್ರೆ ಒಳ್ಳೇ ಪರೀಕ್ಷೇಲಿ ಪಾಸಾಗಿ ಬಂದ ಹುಡುಗನ ಹಾಗಿತ್ತಂತೆ. ಹೇಗಪ್ಪಾ ಇವರಿಗೆ ಬೇಡ ಅನ್ನಲಿ ಅಂದ್ಲು.”

ಎದುರಿನ ಹಣ್ಣಿನಂಗಡಿಯವನು ನೀರು ಚಿಮುಕಿಸುತ್ತಿದ್ದ. ಕಂಪೌಂಡರಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ತಾವು ಉಪ್ಪಿಲ್ಲದ ತುತ್ತನ್ನು ಆಕೆಯ ಎದುರು ಕೂತು, ಆಕೆಗೆ ಕಾಣಲೆಂದೇ ನಿಧಾನವಾಗಿ ಉಣ್ಣುತ್ತಿದ್ದುದು ಕಂಡಿತು. ಆಕೆ ತಟ್ಟೆಯಿಂದ ಕಣ್ಣೆತ್ತಿ ನೋಡುತ್ತಿದ್ದಳು. ಆ ನೋಟವನ್ನು ಮೆಚ್ಚುಗೆ ಎಂದುಕೊಂಡಿದ್ದರು. ಒಮ್ಮೆ ಆಕೆ, ‘ಬೀದಿ ಕೊನೇಲಿ ಹೊಸದಾಗಿ ತಿಂಡಿ ಗಾಡಿ ಹಾಕಿದ್ದಾರಂತೆ, ನೋಡಿದ್ರಾ?’ ಎಂದು ಕೇಳಿದ್ದಳು. ‘ನೋಡಲಿಲ್ಲ, ಅದರ ಗೋಜು ನಮಗ್ಯಾಕೆ’ ಎಂದಿದ್ದರು. ಆಕೆ ಕೇಳಿದ್ದು ಅಷ್ಟೇ. ಬೀದಿಯ ಕೊನೆಯಿಂದ ಒಂದು ಸುದ್ದಿ.

“ಆದ್ರೂ ಪುಟ್ಟಿ, ಕೊಟ್ಟ ಮಾತು ಕೊಟ್ಟಿದ್ದೇ. ಅವಳು ಉಪ್ಪು ತಿನ್ನೋ ತನಕ ಅಂತ ಹೇಳಿಬಿಟ್ಟಿದೀನಿ. ದೇವರ ಹತ್ರ ಆಮೇಲೆ ಹೋಗಿ, ಸ್ವಲ್ಪ ತಿದ್ದುಪಡಿ ಇದೆ ಅನ್ನೋಕಾಗತ್ತಾ?”

ನಾದಿನಿ ಬೀಸುವುದನ್ನು ನಿಲ್ಲಿಸಿದಳು. “ಅಕ್ಕ ಈಗ ಎಲ್ಲಿದಾಳೆ ಭಾವ?”

“ಅದೇನು ಪ್ರಶ್ನೆ?”

“ನಿಮ್ಮ ನಂಬಿಕೆ ಕೇಳ್ತಿದೀನಿ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂತ್ಕೋತೀರಲ್ಲ.”

“ದೇವರ ಹತ್ರ ಇದಾಳೆ” ಎಂದರು ಕಂಪೌಂಡರು. ಅದರಲ್ಲಿ ಅವರಿಗೆ ಎಂದೂ ಅನುಮಾನವಿರಲಿಲ್ಲ. ಉಳಿದೆಲ್ಲ ಕುಸಿದ ದಿನಗಳಲ್ಲೂ ಅದೊಂದು ಗೋಡೆ ನಿಂತಿತ್ತು.

“ಸರಿ. ಅಲ್ಲೂ ಅವಳಿಗೆ ಕಿಡ್ನಿ ಕೆಟ್ಟಿದೆಯಾ?”

“ಛೆ, ಏನು ಮಾತು! ಅಲ್ಲಿ ಯಾವ ರೋಗ?”

“ಮತ್ತೆ ಉಪ್ಪು ಬೇಡ ಅನ್ನೋರು ಯಾರು ಅಲ್ಲಿ? ಡಾಕ್ಟರು ಇದಾರಾ? ಚೀಟಿ ಬರೀತಾರಾ?” ನಾದಿನಿಯ ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು. “ನಮ್ಮಕ್ಕನ್ನ ನನಗಿಂತ ಚೆನ್ನಾಗಿ ಬಲ್ಲೋರು ನೀವು. ಹೋದ ದಿನವೇ, ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಮುಂಚೆ, ಅಡುಗೆಮನೆ ಯಾವ ಕಡೆ ಅಂತ ಕೇಳಿರ್ತಾಳೆ. ಆವತ್ತಿಂದ ತಿಂತಿದಾಳೆ ಭಾವ. ಬೇಕಾದ್ದು ತಿಂತಿದಾಳೆ. ನಿಮ್ಮ ಮಾತು ಆವತ್ತೇ ತೀರಿತು. ಇಲ್ಲಿ ನೀವೊಬ್ಬರೇ ಬಾಗಿಲು ತೆಗೆದ ಜೈಲಲ್ಲಿ ಕೂತಿದೀರ.”

ಕಂಪೌಂಡರು ಆ ಮಾತಿನಲ್ಲಿ ತಪ್ಪು ಹುಡುಕಿದರು. ಚೀಟಿಯ ಮೇಲೆ ಅನುಮಾನ ಬಂದಾಗ ಬೆಳಕಿಗೆ ಹಿಡಿದು ನೋಡುತ್ತಿದ್ದ ಹಾಗೆ ಅದನ್ನು ಎತ್ತಿ, ತಿರುಗಿಸಿ ನೋಡಿದರು. ಇದು ನಾಲಿಗೆಯ ಚಪಲ ಹೂಡಿದ ಆಟವೇ? ಪುಟ್ಟಿಗೆ ನನ್ನ ಮೇಲಿನ ಮರುಕವೇ? ಇರಬಹುದು. ಆದರೆ ಮಾತು ಅಲುಗಲಿಲ್ಲ. ಆಕೆ ದೇವರ ಹತ್ತಿರ ಇದ್ದಾಳೆ ಎನ್ನುವುದು ನಿಜವಾದರೆ ಆಕೆಗೆ ಅಲ್ಲಿ ಪಥ್ಯವಿರಲಾರದು. ಪಥ್ಯವಿದೆ ಎನ್ನುವುದಾದರೆ ತಾನು ದೇವರನ್ನು ಆಸ್ಪತ್ರೆಯ ವಾರ್ಡಿನ ಮೇಲ್ವಿಚಾರಕನೆಂದು ತಿಳಿದ ಹಾಗಾಯಿತು. ಹಾಗಾದರೆ ಇಷ್ಟು ಕಾಲ ನಾನು ದಿನವೂ ಎರಡು ಹೊತ್ತು ತಟ್ಟೆಯ ಮುಂದೆ ಕೂತು ಹೇಳುತ್ತಿದ್ದುದೇನು? ಇವಳಿನ್ನೂ ಆ ಹಾಸಿಗೆಯ ಮೇಲೆಯೇ ಇದ್ದಾಳೆ, ಇನ್ನೂ ಊದಿದ ಕಾಲು, ಇನ್ನೂ ಒಣಗಿದ ತುಟಿ ಎಂದಲ್ಲವೆ? ಆಕೆಯನ್ನು ಅಲ್ಲಿಂದ ಏಳಗೊಡದೆ ಹಿಡಿದುಕೊಂಡವನು ನಾನೇ ಅಲ್ಲವೆ? ಬಾಯಲ್ಲಿ ದೇವರು ದೊಡ್ಡವನೆಂದು ಹೇಳಿ, ಉಣ್ಣುವ ಅನ್ನದಲ್ಲಿ ಅಲ್ಲವೆನ್ನುತ್ತಿದ್ದೆ. ಕೇಳೋಣವೆಂದರೆ ಯಾರನ್ನು ಕೇಳುವುದು? ಡಾಕ್ಟರು ಯಾವಾಗಲೋ ಹೇಳಿಯಾಗಿತ್ತು. ಇದು ಯಾವ ಚೀಟಿಯಲ್ಲೂ ಬರೆದು ಬರುವಂಥದ್ದಲ್ಲ, ತಾನೇ ಹೇಳಬೇಕಾದ್ದು ಎಂದು ಹೊಳೆದಾಗ, ಜನ್ಮದಲ್ಲಿ ಮೊದಲ ಸಲ ಡಾಕ್ಟರ ಕುರ್ಚಿಯಲ್ಲಿ ಕೂತವರ ಹಾಗೆ ಅವರ ಅಂಗೈ ಬೆವರಿತು.

ಎದ್ದರು. ನಾದಿನಿ, “ಎಲ್ಲಿಗೆ?” ಎಂದಳು. ಹೇಳಲಿಲ್ಲ. ಬೇರೆ ಎಷ್ಟೋ ಅಂಗಡಿಗಳಿದ್ದವು, ಆದರೆ ಕಾಲು ಅವಮಾನವಾದ ಬೆಂಚಿನ ಕಡೆಗೇ ಹೊರಟಿತು. ನೆಲದ ಅನ್ನವನ್ನು ಯಾರೋ ಗುಡಿಸಿದ್ದರು. ಅವರು ಸಾಲಿನಲ್ಲಿ ನಿಂತರು. ಮುಂದೆ ನಿಂತವನ ಕತ್ತಿನ ಮೇಲೆ ಬೆವರಿನ ಹನಿಗಳು, ಅವನ ಕೈಯಲ್ಲಿ ಮಗುವಿನ ಒಂದು ಬೂಟು. ಎಲ್ಲರೂ ಯಾರಿಗೋ ಏನೋ ಒಯ್ಯಲು ನಿಂತಿದ್ದಾರೆ ಅನ್ನಿಸಿತು.

ಕಾವಲಿಯ ಹೆಂಗಸು ಇವರನ್ನು ಕಂಡು ಗುರುತು ಹಿಡಿದಳು. ಮುಖ ಸ್ವಲ್ಪ ಮೆತ್ತಗಾಯಿತು. ಹಿಟ್ಟು ಹೊಯ್ದು, ಹರಡಿ, ಅಂಚೆದ್ದಾಗ ಮಡಿಸಿದಳು. ಉಪ್ಪಿನ ಬೋಗುಣಿಯ ಕಡೆ ಹೋದ ಕೈ ಅರ್ಧದಲ್ಲಿ ನಿಂತಿತು. ಇವರತ್ತ ನೋಡಿ ಬೋಗುಣಿಯನ್ನು ತೋರಿಸಿದಳು. ಹಾಕಲೇ?

ಕಂಪೌಂಡರು ತಲೆಯನ್ನು ಒಂದು ಬದಿಗೆ ವಾಲಿಸಿ, ಮತ್ತೊಂದು ಬದಿಗೆ ವಾಲಿಸಿದರು. ನಮ್ಮಲ್ಲಿ ಆಗಲಿ, ಹಾಕಿ, ಸಂತೋಷ ಎಂದೆಲ್ಲ ಹೇಳುವ ಬಗೆ ಅದು. ಹೆಂಗಸು ಅದನ್ನು ಬೇಡ ಎಂದು ತಿಳಿದಳು. ಬೋಗುಣಿಯನ್ನು ದೂರ ಸರಿಸಿ, ಸಟ್ಟುಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬರಿಯದನ್ನೇ ಎಲೆಯ ಮೇಲಿಟ್ಟು ಎರಡೂ ಕೈಯಿಂದ ಮುಂದೆ ಹಿಡಿದಳು. ತನ್ನ ಒರಟುತನಕ್ಕೆ ಅವಳು ಹಾಗೆ ಸಮಾಧಾನ ಮಾಡುತ್ತಿದ್ದಳೆಂದು ಕಾಣುತ್ತದೆ. ಕಂಪೌಂಡರು ಮತ್ತೆ ತಲೆಯಾಡಿಸಿದರು, ಇನ್ನೂ ಜೋರಾಗಿ. ಅವಳು ಬೋಗುಣಿಯನ್ನು ಇನ್ನೂ ದೂರ ಸರಿಸಿದಳು. ಹಿಂದೆ ನಾದಿನಿ ಬಾಯಿಗೆ ಹ್ಯಾಟು ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. “ಭಾವ, ನೀವು ತಲೆ ಅಲ್ಲಾಡಿಸಿದಷ್ಟೂ ಉಪ್ಪು ಊರು ಬಿಟ್ಟು ಹೋಗ್ತಿದೆ.”

ಎಲೆಯನ್ನು ಹಿಡಿದು ನಿಂತ ಕಂಪೌಂಡರಿಗೆ ಒಂದು ಕ್ಷಣ ಅದೇ ಸಾಕೆನಿಸಿತು. ತಾನು ಒಪ್ಪಿದ್ದಾಯಿತು, ದೇವರೇ ಬೇಡವೆಂದ, ಹಾಗೆ ತಿಳಿದು ಇದನ್ನು ಹೀಗೇ ತಿಂದುಬಿಡಬಹುದು. ಎಷ್ಟು ಸುಲಭ. ಅಷ್ಟು ಸುಲಭವೆನಿಸಿದ್ದೇ ಅವರನ್ನು ಎಚ್ಚರಿಸಿತು. ಯಾರೋ ಹಾಕಿಕೊಟ್ಟರು ಎಂದಾಗಲಿ, ಯಾರೋ ಹಾಕಲಿಲ್ಲ ಎಂದಾಗಲಿ ಇನ್ನು ಹೇಳುವಂತಿಲ್ಲ. ಅವರು ಕಾವಲಿಯ ಪಕ್ಕಕ್ಕೆ ಬಗ್ಗಿ, ಕೈ ಚಾಚಿ, ಬೋಗುಣಿಯಿಂದ ತಾವೇ ಉಪ್ಪು ತೆಗೆದರು. ಮೂರು ಬೆರಳಿನ ಚಿಟಿಕೆ. ಹರಳುಗಳು ಬೆರಳಿಗೆ ಒರಟಾಗಿ ತಾಗಿದವು. ಎಷ್ಟೋ ಪುಡಿಗಳನ್ನು ತೂಗಿದ ಕೈಗೆ ಈಗ ತೂಕವೇ ತಿಳಿಯಲಿಲ್ಲ. ಎತ್ತರಕ್ಕೆ ಒಯ್ಯುವುದೂ ಮರೆತುಹೋಯಿತು. ಎಲ್ಲವೂ ಒಂದೇ ಕಡೆ ಸುರಿಯಿತು. ಹೆಂಗಸು ‘ಹಾ!’ ಎಂದು ಕೂಗಿದಳು. ಕಂಪೌಂಡರು ಕಣ್ಣು ಮುಚ್ಚಿ, ತುಟಿಯಲ್ಲೇ ದೇವರ ಹೆಸರು ಹೇಳಿ ಕಚ್ಚಿದರು.

ಮೊದಲು ನೋವು. ನಾಲಿಗೆಯ ನಡುವೆ ಯಾರೋ ಕಿಡಿ ಇಟ್ಟಂತೆ. ದವಡೆಯ ಹಿಂದೆ, ಕಿವಿಯ ಕೆಳಗೆ, ತಮಗೆ ಇದ್ದುದೇ ಮರೆತುಹೋಗಿದ್ದ ಎರಡು ಜಾಗಗಳು ಜುಮ್ಮೆಂದು ಹಿಂಡಿದವು. ಕಣ್ಣಲ್ಲಿ ನೀರು ಬಂತು. ಕೆಮ್ಮು ಬಂತು. ಹೆಂಗಸು ನೀರಿನ ಲೋಟ ಮುಂದಿಟ್ಟಳು, ನಾದಿನಿ ಬೆನ್ನು ಸವರಿದಳು. “ಏನಾಯ್ತು ಭಾವ? ಭಾವ?” ಎಂದಳು, ನಗು ಎಲ್ಲೋ ಓಡಿಹೋಗಿತ್ತು.

“ಉಪ್ಪು ಜಾಸ್ತಿ ಆಯ್ತು ಕಣೇ” ಎಂದರು ಕಂಪೌಂಡರು.

ನಾದಿನಿ ಅವರನ್ನೇ ನೋಡಿದಳು. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ನಗುವೋ ಅಳುವೋ ತಿಳಿಯದ ಹಾಗೆ ಹೊಯ್ದಾಡಿದಳು. ಏನಾಯಿತೆಂದು ತಿಳಿಯದಿದ್ದರೂ ಕಾವಲಿಯ ಹೆಂಗಸೂ ನಕ್ಕಳು. ನಗುತ್ತಲೇ ಇವರ ಎಲೆ ಕಿತ್ತುಕೊಂಡು, ಉಪ್ಪು ರಾಶಿಯಾದ ಮೂಲೆಯನ್ನು ಚಿವುಟಿ ತೆಗೆದು, ಉಳಿದದ್ದನ್ನು ಹಿಂದಕ್ಕೆ ಕೊಟ್ಟು, ಬೆಂಚು ತೋರಿಸಿದಳು. ಈ ಸಲ ಕೂತ್ಕೋ ಎಂದು.

ಕಂಪೌಂಡರು ನಾದಿನಿಯ ಪಕ್ಕ, ಇನ್ನೊಂದು ಬದಿಗೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂತರು. ಎರಡನೆಯ ತುತ್ತಿಗೆ ಉಪ್ಪು ಹದಕ್ಕೆ ಬಂದಿತ್ತು, ಮೂರನೆಯದಕ್ಕೆ ಹಿಟ್ಟಿನ ಸಿಹಿ ಬೇರೆಯಾಗಿ ಕಂಡಿತು. ಬೀದಿಯಲ್ಲಿ ಜನ ಹೋಗುತ್ತಿದ್ದರು. ತಾಡಪಾಲಿನ ಸಂದಿನಿಂದ ಬಿದ್ದ ಬಿಸಿಲು ಅವರ ಮೊಣಕಾಲ ಮೇಲೆ ಬೆಚ್ಚಗೆ ಕೂತಿತ್ತು. ತಲೆ ಇನ್ನೂ ಸ್ವಲ್ಪ ಸುತ್ತುತ್ತಲೇ ಇತ್ತು, ಆದರೆ ಕಾಲಡಿಯ ನೆಲ ಅಲುಗುತ್ತಿರಲಿಲ್ಲ.

“ಅಂಚು ಗರಿಗರಿ ಇದೆ” ಎಂದರು ಮೆಲ್ಲಗೆ. ಹೇಳಿ ನಿಂತರು. ಇಷ್ಟೇ ಹೇಳಿದರೆ ಸಾಲದು. “ಗರಿಗರಿ ಅಂದ್ರೆ... ಹೊಸ ನೋಟು ಮಡಿಸಿದಾಗ ಆಗತ್ತಲ್ಲ, ಹಾಗಲ್ಲ. ಒಣಗಿದ ಎಲೆ ಮೇಲೆ ಕಾಲಿಟ್ಟಂಗೆ. ಒಳಗೆ ಮೆತ್ತಗಿದೆ, ಸ್ವಲ್ಪ ಹುಳಿ, ಹಿಟ್ಟು ರಾತ್ರಿಯಿಂದ ಇಟ್ಟಿರಬೇಕು. ಮೇಲೆ ಉಪ್ಪು. ಉಪ್ಪು ಹೇಗಿದೆ ಅಂದ್ರೆ... ತಡಿ, ಇನ್ನೊಂದು ಚೂರು ತಿಂದು ಹೇಳ್ತೀನಿ.”

ಅವರು ನಾದಿನಿಯ ಕಡೆ ನೋಡುತ್ತಿರಲಿಲ್ಲ. ತಮ್ಮ ಇನ್ನೊಂದು ಬದಿಯಲ್ಲಿದ್ದ ಬೆಂಚಿನ ಖಾಲಿ ಜಾಗದ ಕಡೆ ಸ್ವಲ್ಪ ಬಾಗಿ, ಬಾಯಿ ತುಂಬಿಕೊಂಡು, ಅಗಿಯುವ ಸದ್ದು ಕೇಳಿಸುವಂತೆ ಅಗಿಯುತ್ತಿದ್ದರು. ನಾದಿನಿ ಮುಖ ಆಚೆ ತಿರುಗಿಸಿಕೊಂಡು ಕಾವಲಿಯ ಹೆಂಗಸಿಗೆ ಕೈಯೆತ್ತಿ, ಇನ್ನೊಂದು ಹಾಕು ಎಂದು ಬೆರಳು ತೋರಿಸಿದಳು.